ಬರ್ಲಿಂಗ್ಟನ್ನಿನಲ್ಲಿ ಉಳಿದ ಅರ್ಧ ಹಾಡು

ತಪ್ಪು ನನ್ನದೇ. ಸತ್ತವನ ದನಿಯನ್ನು ಅಣಕಿಸಬಾರದೆಂಬ ಬುದ್ಧಿ ನನಗೆ ಇಪ್ಪತ್ತಮೂರನೇ ವಯಸ್ಸಿಗೂ ಬಂದಿರಲಿಲ್ಲ.

ಪರದೇಶದ ಈ ಬರ್ಲಿಂಗ್ಟನ್ ಊರಿನಲ್ಲಿ ನಾನು ಉಳಿದುಕೊಂಡಿರುವ ಮನೆಯ ಬೇಸ್‌ಮೆಂಟಿನಲ್ಲಿ ನಮ್ಮ ಧಾರವಾಡದ ಭಾವ ರೆಕಾರ್ಡಿಂಗ್ ಸ್ಟುಡಿಯೋ ನಡೆಸುತ್ತಾರೆ. ಇಂದು ಮಧ್ಯಾಹ್ನ ಅಲ್ಲಿಗೆ ಅಮೆರಿಕದ ಒಂದು ರೆಗೆ ಸಂಗೀತದ ಬ್ಯಾಂಡು ಬಂತು. ಹೋದ ಟೂರಿನಲ್ಲಿ ಇಲ್ಲೇ ಅರ್ಧ ಹಾಡು ಹಾಡಿಟ್ಟು ಹೋದ ಅವರ ಗಾಯಕ ಚಳಿಗಾಲದಲ್ಲಿ ತೀರಿಕೊಂಡನಂತೆ. ಉಳಿದರ್ಧವಿಲ್ಲದೆ ಆಲ್ಬಮ್ ಮುಗಿಯುವಂತಿರಲಿಲ್ಲ. ಬೇಸ್ ಗಿಟಾರ್ ನುಡಿಸುವ ಅವನ ಅಣ್ಣ ತಮ್ಮನ ಟೇಪು ಹಾಕಿಸಿ ನೆಲ ನೋಡುತ್ತ ಕೇಳಿದ; ನಾನೂ ಕೇಳಿದೆ.

ಎಲ್ಲರೂ ಚಹಾಕ್ಕೆಂದು ಮೇಲೆ ಹೋದಾಗ ನಾನು ಮೈಕಿನ ಮುಂದೆ ನಿಂತು, ಅಲ್ಲಿದ್ದ ಹಾಡಿನ ಹಾಳೆ ನೋಡಿಕೊಂಡು, ಉಳಿದ ಸಾಲುಗಳನ್ನು ಆ ಗಾಯಕನ ದನಿಯಲ್ಲೇ ಹಾಡಿದೆ. ಮೇಷ್ಟ್ರು, ಮಾವ, ಬಸ್ ಕಂಡಕ್ಟರು, ಯಾರನ್ನೂ ಬಿಡದ ಗಂಟಲು ನನ್ನದು. ಸ್ವಂತ ದನಿ ಯಾವುದೆಂದರೆ ಮಾತ್ರ ತಡವರಿಸುತ್ತದೆ. ತಿರುಗಿದರೆ ಮೆಟ್ಟಿಲ ಮೇಲೆ ಭಾವ, ಅವರ ಹಿಂದೆ ಗಾಯಕನ ಅಣ್ಣ. ನಾನು ಸಾರಿ ಎಂದೆ. ಅವನು ಬೈಯಲಿಲ್ಲ. ಇನ್ನೊಮ್ಮೆ ಹಾಡು ಎಂದ. ಹಾಡಿದೆ. ಅವನು ಕಣ್ಣು ಮುಚ್ಚಿ ಕೇಳಿದ.

ಭಾವನಿಗೆ ಆಸೆ ಹುಟ್ಟಿತು. "ಥೇಟ್ ಅವನಽ ಹಾಡಿದಂಗ ಐತಲ್ಲೋ ತಮ್ಮಾ," ಎಂದು ನನಗೆ ಹೇಳಿ, ಗಾಯಕನ ಅಣ್ಣನ ಕಡೆ ತಿರುಗಿ ಇಂಗ್ಲಿಷಿನಲ್ಲಿ, "ಇವನ ದನಿಯನ್ನೇ ಸೇರಿಸೋಣ, ಯಾರಿಗೂ ಗೊತ್ತಾಗೋದಿಲ್ಲ," ಎಂದರು.

ಅವನು ಟೇಪನ್ನು ಮತ್ತೆ ಹಾಕಿಸಿದ. ತಮ್ಮನ ದನಿ ನಿಂತಲ್ಲಿಂದ ಕೊನೆಯವರೆಗೆ ಬರೀ ಡ್ರಮ್ಮು, ಬೇಸು ಕೇಳಿಸಿದವು.

"ಹೀಗೇ ಇರಲಿ," ಎಂದ. "ಅವನಿಲ್ಲ ಅಂತ ಗೊತ್ತಾಗಬೇಕು."