ಹತ್ತಿಯಕ್ಕ ಉಳಿಸಿಕೊಂಡ ಗಂಟು

ಈಗ ಆ ಅಂಗಡಿಯಲ್ಲಿ ಸ್ಪಂಜಿನ ಹಾಸಿಗೆಗಳು ಪ್ಲಾಸ್ಟಿಕ್ ಹೊದ್ದು ಗೋಡೆಗೆ ಒರಗಿ ನಿಂತಿವೆ. ಮಲಗುವ ವಸ್ತುವನ್ನು ನಿಲ್ಲಿಸಿ ಮಾರುವ ಕಾಲ ಬಂದದ್ದು ಹತ್ತಿಯಕ್ಕನಿಗೆ ಇನ್ನೂ ಒಪ್ಪಿಗೆಯಾಗಿಲ್ಲ. ಅವಳ ಕಾಲದಲ್ಲಿ ಅಲ್ಲಿ ಹಾಸಿಗೆ ಹುಟ್ಟುತ್ತಿತ್ತು. ಒಳಕೋಣೆಯಲ್ಲಿ ಗಂಡ ಬಿಲ್ಲು ಮೀಟಿ ಹತ್ತಿ ಹಿಂಜುವ ಸದ್ದು ಬೀದಿಯ ಆ ತುದಿಗೂ ಕೇಳಿಸುತ್ತಿತ್ತು. ಸಂಜೆ ಹೊತ್ತಿಗೆ ಅವನ ತಲೆ, ಹುಬ್ಬು, ಮೀಸೆ ಎಲ್ಲ ಬೆಳ್ಳಗಾಗಿರುತ್ತಿತ್ತು. "ಪಾಪ, ಮಾವನಿಗೆ ಈ ವಯಸ್ಸಲ್ಲಿ ಯಾಕಮ್ಮ ಇಷ್ಟು ಕಷ್ಟ ಕೊಡ್ತೀಯ?" ಎಂದು ಹೊಸ ಗಿರಾಕಿಗಳು ಅವಳನ್ನು ಗದರಿದ್ದುಂಟು. ಅವಳು ಗಂಡನನ್ನು ಮಾವ ಮಾಡಿಕೊಂಡೇ ಬೆಲೆ ಕುದುರಿಸಿದ್ದೂ ಉಂಟು.

ಅವಳ ಕೆಲಸ ಎಲ್ಲರಿಗಿಂತ ಕೊನೆಗೆ. ನಾದಿನಿ ದಬ್ಬಳ ಹಿಡಿದು ಅಂಚು ಹೊಲಿಯುತ್ತ ಬಂದರೆ, ಇವಳು ಕಣ್ಣು ಮುಚ್ಚಿ ಹಾಸಿಗೆಯ ಉದ್ದಕ್ಕೂ ಅಂಗೈ ಎಳೆಯುತ್ತಿದ್ದಳು. ಎಲ್ಲಾದರೂ ಹತ್ತಿ ಗಂಟು ಕಟ್ಟಿದ್ದರೆ ಕೈ ಅಲ್ಲೇ ನಿಲ್ಲುತ್ತಿತ್ತು. ಆಮೇಲೆ ಹೆಬ್ಬೆರಳಿನಿಂದ ಒತ್ತಿ, ಉಜ್ಜಿ, ಅದು ಬಿಡಿಸಿಕೊಂಡು ಹರಡುವವರೆಗೂ ಬಿಡುತ್ತಿರಲಿಲ್ಲ. ಗಂಟಿರುವ ಹಾಸಿಗೆ ಆ ಹೊಸಿಲು ದಾಟಿದ್ದಿಲ್ಲ.

ಅವಳಿಗೆ ಮೂವತ್ತು ದಾಟಿದ ಮೇಲೆ, ಒಂದು ದಿನ ಸ್ನಾನ ಮಾಡುವಾಗ, ಸೋಪು ಹಚ್ಚುತ್ತಿದ್ದ ಕೈ ಎಡ ಮೊಲೆಯ ಮೇಲೆ ಅದೇ ರೀತಿ ನಿಂತಿತು. ಗೋಲಿಯಷ್ಟು ದೊಡ್ಡ ಗಂಟು. ಬೆರಳಿಟ್ಟರೆ ಜಾರಿ ಪಕ್ಕಕ್ಕೆ ಸರಿಯಿತು.

ಮೊದಲು ನೆನಪಾದದ್ದು ಚಿಕ್ಕಮ್ಮ. ಅಮ್ಮನ ತಂಗಿ. ಎದೆಯ ಗಂಟನ್ನು ಯಾರಿಗೂ ಹೇಳದೆ ಮುಚ್ಚಿಟ್ಟುಕೊಂಡು, ಹುಣ್ಣಾಗಿ ವಾಸನೆ ಬಂದ ಮೇಲೆ ಮನೆಯವರಿಗೆ ಗೊತ್ತಾಗಿ, ಉಳಿಯದೇ ಹೋದವಳು. ಹತ್ತಿಯಕ್ಕ ಅವಳ ಹಾದಿಯನ್ನೇ ಹಿಡಿದಳು. ಯಾರಿಗೂ ಹೇಳಲಿಲ್ಲ. ಆದರೆ ಸುಮ್ಮನೆಯೂ ಕೂರಲಿಲ್ಲ. ಗಂಟೆಂದರೆ ಮಾಡಬೇಕಾದ್ದೇನು ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರಾರು? ದಿನವೂ ಬಚ್ಚಲ ಬಾಗಿಲು ಹಾಕಿಕೊಂಡು, ಹಲ್ಲು ಕಚ್ಚಿ, ಹೆಬ್ಬೆರಳಲ್ಲಿ ಅದನ್ನು ಉಜ್ಜಿದಳು. ಅದು ಆಚೆ ಜಾರಿದರೆ ಅಟ್ಟಿಸಿಕೊಂಡು ಹೋದಳು. ಮೊದಲು ಇಲ್ಲದ ನೋವು ಶುರುವಾಯಿತು. ಕೊನೆಗಾಲ ಬಂತೆಂದುಕೊಂಡಳು.

ಹಾಸಿಗೆ ತಡವುವಾಗಲೂ ಕೈ ಎದೆಗೆ ಹೋಗುತ್ತಿದ್ದ ಈ ಕಳ್ಳತನ ಹಿಡಿದವಳು ನಾದಿನಿ.

"ಅತ್ತಿಗೆ, ಹಾಸಿಗೆ ಇಲ್ಲಿದೆ. ನಿಮ್ಮ ಕೈ ಎಲ್ಲೆಲ್ಲೋ ಹೋಗ್ತಾ ಇದೆ."

ಹತ್ತಿಯಕ್ಕ ತಟ್ಟನೆ ಕೈ ತೆಗೆದಳು. ಆಮೇಲೆ ಹತ್ತಿರಾಶಿಯ ಹಿಂದೆ ಕೂತು ಎಲ್ಲ ಹೇಳಿ ಅತ್ತಳು.

"ನಂಗೂ ಮುಟ್ಟಿಗೆ ಮುಂಚೆ ಎರಡೂ ಕಡೆ ಗಂಟುಗಂಟಾಗಿ ನೋಯುತ್ತೆ, ಆಮೇಲೆ ತಾನಾಗೇ ಇಳಿಯುತ್ತೆ. ನಿಮ್ದು ಇಳಿಯುತ್ತಾ?"

"ಇಲ್ಲ ಕಣೇ. ಜಪ್ಪಯ್ಯ ಅಂದ್ರೂ ಅಲ್ಲೇ ಇದೆ."

"ಹಾಗಾದ್ರೆ ಏಳಿ. ಕಣ್ಣೊರೆಸಿಕೊಳ್ಳಿ. ಮೂಗಿಗೆ ಹತ್ತಿ ಅಂಟಿದೆ, ಅದನ್ನೂ."

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನೋಡಿ ಹುಬ್ಬೇರಿಸಿದರು. "ಇದೇನಮ್ಮ, ಚರ್ಮ ಕಂದಿಹೋಗಿದೆ? ಯಾರಾದ್ರೂ ಹೊಡೆದ್ರಾ?"

ಹತ್ತಿಯಕ್ಕ ತನ್ನ ಹೆಬ್ಬೆರಳು ತೋರಿಸಿದಳು.

"ಹಾಸಿಗೆ ಅಂದ್ಕೊಂಡ್ರು ಡಾಕ್ಟ್ರೇ," ಎಂದಳು ನಾದಿನಿ.

ಡಾಕ್ಟರಮ್ಮ ನಗು ತಡೆದುಕೊಂಡು ಮೆಲ್ಲಗೆ ಮುಟ್ಟಿ ನೋಡಿದರು. "ಎದೆಯಲ್ಲಿ ಸಿಗೋ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಕ್ಯಾನ್ಸರಿಂದು ಸಾಮಾನ್ಯವಾಗಿ ಗಟ್ಟಿ ಇರುತ್ತೆ, ಅಂಚು ಸೊಟ್ಟಪಟ್ಟ, ಕಚ್ಚಿಕೊಂಡ ಹಾಗೆ ಕೂತಿರುತ್ತೆ. ಮೇಲಿನ ಚರ್ಮ ಒಳಕ್ಕೆ ಎಳೆದುಕೊಳ್ಳಬಹುದು, ತೊಟ್ಟಿನಿಂದ ರಕ್ತ ಬರಬಹುದು. ನಿಂದು ನುಣ್ಣಗಿದೆ, ಜಾರುತ್ತೆ. ಒಳ್ಳೇ ಲಕ್ಷಣ. ಆದ್ರೆ ಬೆರಳನ್ನ ನಂಬಿ ತೀರ್ಪು ಕೊಡೋಕಾಗಲ್ಲ."

"ನನ್ನ ಬೆರಳು ತಪ್ಪಿದ್ದೇ ಇಲ್ಲ ಡಾಕ್ಟ್ರೇ."

"ನನ್ನ ಬೆರಳು ತಪ್ಪಿದೆಯಮ್ಮ. ಅದಕ್ಕೇ ಸ್ಕ್ಯಾನ್ ಮಾಡೋದು, ಸೂಜಿ ಹಾಕಿ ಚೂರು ತೆಗೆದು ನೋಡೋದು."

"ಮತ್ತೆ ಈ ನೋವು?"

"ಹಾಗೆ ಉಜ್ಜಿದ್ರೆ ಕಲ್ಲಿಗೂ ನೋಯುತ್ತೆ. ನೋವಿರಲಿ ಬಿಡಲಿ, ಗಂಟು ಕಂಡ್ರೆ ತೋರಿಸ್ಬೇಕು. ನೋವಿಲ್ವಲ್ಲ ಅಂತ ಸುಮ್ನಿದ್ದು ಕೆಟ್ಟವರಿದ್ದಾರೆ."

"ನಮ್ಮ ಚಿಕ್ಕಮ್ಮ..." ಎಂದಳು ಹತ್ತಿಯಕ್ಕ. ಡಾಕ್ಟರಮ್ಮ ಅವಳ ಮೊಣಕೈ ಮೇಲೆ ಕೈಯಿಟ್ಟು, "ನೀನು ಬಂದೆಯಲ್ಲ," ಎಂದರು.

ಸೂಜಿ ಕಂಡಾಗ ಮಾತ್ರ ಹತ್ತಿಯಕ್ಕನಿಗೆ ಸಮಾಧಾನವಾಯಿತು. ದಬ್ಬಳದ ಮುಂದೆ ಅದು ಮಗು.

ಫಲಿತಾಂಶ ಬರುವವರೆಗಿನ ದಿನಗಳಲ್ಲಿ, ವಿಷಯ ತಿಳಿದ ಗಂಡನ ಬಾಯಿ ಬಿದ್ದುಹೋಯಿತು. ಬಿಲ್ಲು ಮಾತ್ರ ನಿಲ್ಲಲಿಲ್ಲ. ಹಿಂಜಿದ ಹತ್ತಿಯನ್ನೇ ಮತ್ತೆ ಮತ್ತೆ ಹಿಂಜಿದ. ಆ ವಾರದ ಹಾಸಿಗೆಗಳು ಎಷ್ಟು ಮೆತ್ತಗಾದವೆಂದರೆ, ಮಲಗಿದ ಮೇಲೆ ಏಳುವುದಕ್ಕೆ ಆಳು ಬೇಕು ಎಂದು ಗಿರಾಕಿಯೊಬ್ಬ ದೂರು ತಂದ.

"ನಾರುಗಡ್ಡೆ," ಎಂದರು ಡಾಕ್ಟರಮ್ಮ. "ಕ್ಯಾನ್ಸರ್ ಅಲ್ಲ. ಬೇರೆ ಕಡೆ ಹರಡೋ ಜಾತಿ ಅಲ್ಲ."

ಗಂಡ ಗೋಡೆ ಕಡೆ ತಿರುಗಿ ಮೂಗು ಸೀಟಿಕೊಂಡ. ಹತ್ತಿಯಕ್ಕ ಉಸಿರು ಬಿಟ್ಟು, "ಯಾವಾಗ ತೆಗೀತೀರಿ?" ಎಂದಳು.

"ತೆಗೆಯೋದು ಬೇಡ. ಹಾಗೇ ಬಿಡು. ಆಗಾಗ ಬಂದು ತೋರಿಸು, ದೊಡ್ಡದಾದ್ರೆ ಮುಂದೆ ನೋಡೋಣ."

"ಗಂಟನ್ನ ಹಾಗೇ ಬಿಡೋದಾ?"

"ಡಾಕ್ಟ್ರೇ, ಅವಳಿಗೆ ಅದೊಂದು ಬಿಟ್ಟು ಬೇರೆ ಏನು ಬೇಕಾದ್ರೂ ಹೇಳಿ," ಎಂದ ಗಂಡ. ಅಷ್ಟು ದಿನಗಳಲ್ಲಿ ಅವನಾಡಿದ ಮೊದಲ ತಮಾಷೆ ಅದು. ಅವಳಿಗೆ ಅಳು ಬಂದದ್ದು ಆಗ.

ಹಾಗೇ ಬಿಟ್ಟಳು. ಹೆಬ್ಬೆರಳು ತುರಿಸಿದಾಗಲೆಲ್ಲ ಒಂದು ದಿಂಬು ಎಳೆದುಕೊಂಡು ಅದನ್ನು ಉಜ್ಜಿದಳು. ಕರೆದಾಗಲೆಲ್ಲ ಹೋಗಿ ತೋರಿಸಿ ಬಂದಳು. ಬೀದಿಯ ಹೆಂಗಸರು ಇಂಥದ್ದೇನಾದರೂ ಪಿಸುಗುಟ್ಟಿದರೆ, ನಾದಿನಿಯ ಹಾಗೇ, "ಏಳಿ," ಎನ್ನುತ್ತಿದ್ದಳು.

ವರ್ಷಗಳು ಹೋದವು. ಬಿಲ್ಲು ಮೀಟುವವನೂ ಹೋದ. ಹೋಗುವಾಗ ಅವನ ತಲೆ ಹತ್ತಿಯಿಲ್ಲದೇ ಬೆಳ್ಳಗಾಗಿತ್ತು. ಮುಟ್ಟು ನಿಂತ ಮೇಲೆ ಗಂಟು ಕುಗ್ಗುತ್ತ ಬಂದು, ಹೋದ ಸಲದ ತಪಾಸಣೆಯಲ್ಲಿ ಬೆರಳಿಗೆ ಸಿಗಲೇ ಇಲ್ಲ. ಡಾಕ್ಟರು ಸಿಹಿಸುದ್ದಿ ಎಂದು ಹೇಳಿದರೆ ಹತ್ತಿಯಕ್ಕನ ಮುಖ ಸ್ವಲ್ಪ ಬಾಡಿತು. ಆ ಕಾಲದ್ದೆಂದು ಅವಳ ಬಳಿ ಉಳಿದಿದ್ದದ್ದು ಅದೊಂದೇ.

ಅಂದು ಆಸ್ಪತ್ರೆಯಿಂದ ಬರುತ್ತ ನಾದಿನಿಯ ಜೊತೆ ತಮ್ಮ ಹಳೆಯ ಅಂಗಡಿಯೊಳಗೆ ಹೊಕ್ಕಳು. ಒಂದು ಸ್ಪಂಜಿನ ಹಾಸಿಗೆಯನ್ನು ನೆಲಕ್ಕೆ ಮಲಗಿಸಲು ಅಂಗಡಿಯವನಿಗೆ ಹೇಳಿ, ಕಣ್ಣು ಮುಚ್ಚಿ, ತಲೆಯಿಂದ ಕಾಲಿನವರೆಗೆ ಅಂಗೈ ಎಳೆದಳು. ಕೈ ಎಲ್ಲಿಯೂ ನಿಲ್ಲಲಿಲ್ಲ.

"ಹೇಗಿದೆ ಅತ್ತಿಗೆ?"

"ಏನೂ ಇಲ್ಲ ಕಣೇ ಇದರಲ್ಲಿ," ಎಂದಳು ಹತ್ತಿಯಕ್ಕ.