ಟವೆಲ್ಲಿನ ಕೆಳಗಿನ ಕೈ

ದೆವ್ವ, ಗಾಳಿ, ಶಕುನ ಇವನ್ನೆಲ್ಲ ನಾನು ನಂಬಿದವನಲ್ಲ. ಹಲ್ಲು ನೋಡು, ಗೊರಸು ನೋಡು, ನಡೆಸಿ ನೋಡು, ಆಮೇಲೆ ಮಾತಾಡು: ದನದ ದಲ್ಲಾಳಿಯಾದ ನನಗೆ ಇಷ್ಟೇ ಶಾಸ್ತ್ರ. ಈಗ ಬರೆಯುವುದನ್ನು ನೀವು ನಂಬದಿದ್ದರೆ ಬೇಸರವಿಲ್ಲ. ಬೇರೆಯವರು ಹೇಳಿದ್ದರೆ ನಾನೂ ಎದ್ದು ಹೋಗುತ್ತಿದ್ದೆ.

ನಮ್ಮದು ಹೊಳೆನರಸೀಪುರದ ಪಕ್ಕದ ಹಳ್ಳಿ. ಮಗಳು ಸುಮಾ ಪಿಯುಸಿ ಸೇರಿದ ವರ್ಷ ಸೊಂಟ ನೋವು ಎಂದಳು. ಮಂಡಿ ಬಗ್ಗಿಸಿಕೊಂಡು, ಹೆಜ್ಜೆ ಕುಕ್ಕುತ್ತಾ ನಡೆಯತೊಡಗಿದಳು. ಬ್ಯಾಗಿನ ಭಾರ ಅಂದುಕೊಂಡು ಎಣ್ಣೆ ಹಚ್ಚಿ ತಿಕ್ಕಿಸಿದೆವು. ನೀವು ಹಾಗೆ ಮಾಡಬೇಡಿ. ಬೆಳೆಯುವ ಮಕ್ಕಳು ಹಾಗೆ ನಡೆದರೆ ಮೊದಲು ಎಕ್ಸ್‌ರೇ ತೆಗೆಸಿ. ಹಾಸನದಲ್ಲಿ ತೆಗೆಸಿದಾಗ, ಸೊಂಟದ ಕೊನೆಯ ಮೂಳೆ ತನ್ನ ಕೆಳಗಿನದರ ಮೇಲಿಂದ ಅರ್ಧಕ್ಕೂ ಹೆಚ್ಚು ಮುಂದಕ್ಕೆ ಜಾರಿದ್ದು ಕಂಡಿತು.

"ಸ್ಕ್ರೂ, ರಾಡು ಹಾಕಿ, ಮೂಳೇನ ಹಿಂದಕ್ಕೆ ಎಳೆದು ಕೂಡಿಸಬೇಕು," ಎಂದರು ಡಾಕ್ಟರು. "ಎಳೆಯುವಾಗ ಪಾದ, ಕಾಲ್ಬೆರಳು ಎತ್ತೋ ನರಕ್ಕೆ ಪೆಟ್ಟಾಗಬಹುದು."

"ಪೂರ್ತಿ ಎಳೀಬ್ಯಾಡಿ ಸಾ. ಅರ್ಧ ಎಳ್ದು ಅಲ್ಲಿಗೇ ಬುಟ್ಬುಡಿ," ಎಂದೆ.

ಅವರು ನಕ್ಕರು. "ಯಜಮಾನ್ರೇ, ನಾನೂ ಪೂರ್ತಿ ಎಳೆಯೋಕೆ ಹೊರಟಿಲ್ಲ. ಆದ್ರೂ ನರದ ವಿಷಯದಲ್ಲಿ ಗ್ಯಾರಂಟಿ ಕೊಡಕ್ಕಾಗಲ್ಲ. ಇದು ಸಂತೆ ಅಲ್ಲ."

ಸಂತೆಯ ಪದ್ಧತಿ ಗೊತ್ತಿಲ್ಲದವರಿಗೆ ಒಂದು ಮಾತು. ಚನ್ನರಾಯಪಟ್ಟಣದ ಕಡೆಯಿರಲಿ, ಅರಕಲಗೂಡಿನ ಕಡೆಯಿರಲಿ, ನಾವು ದನದ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಇಬ್ಬರ ಕೈ ಮೇಲೆ ಟವೆಲ್ ಮುಚ್ಚಿ, ಬೆರಳು ಹಿಡಿದು ಕೇಳುತ್ತೇವೆ, ಬೆರಳು ಹಿಡಿದೇ ಇಳಿಸುತ್ತೇವೆ. ಎಷ್ಟು ಬೆರಳೋ ಅಷ್ಟು ಬೆಲೆ; ಎದುರಿನವನು ಹಿಡಿದಷ್ಟೇ ಹಿಡಿದು ಅದುಮಿದರೆ ಒಪ್ಪಿದಂತೆ. ಆಗ ಎದುರಿನವನ ಮುಖ ನೋಡಬಾರದು. ನೋಡಿದರೆ ನಮ್ಮ ಆಸೆ ಅವನಿಗೆ ಕಂಡುಬಿಡುತ್ತದೆ.

ಆಪರೇಷನ್ ದಿನ ಬೆಳಿಗ್ಗೆ ಸುಮಾಳನ್ನು ಒಳಗೆ ಕರೆದೊಯ್ದರು. ಮಧ್ಯಾಹ್ನವಾದರೂ ಸುದ್ದಿಯಿಲ್ಲ. ಹೆಂಡತಿ ಜಯಮ್ಮ ಮುಖ ತೊಳೆಯಲು ಹೋದಳು. ಥಿಯೇಟರಿನ ಹೊರಗಿನ ಕುರ್ಚಿಯಲ್ಲಿ ನಾನೊಬ್ಬನೇ ಕೂತಿದ್ದೆ. ತೊಡೆಯ ಮೇಲೆ ಟವೆಲ್, ಅದರ ಕೆಳಗೆ ನನ್ನ ಬಲಗೈ.

ಒಂದು ಕೈ ಬಂದು ನನ್ನ ಐದೂ ಬೆರಳು ಹಿಡಿಯಿತು. ತಣ್ಣಗಿನ, ಜಡ್ಡುಗಟ್ಟಿದ ಕೈ. ಯಾರೋ ಪರಿಚಯದವನು ಎಂದುಕೊಂಡೆ ಎನ್ನಲೂ ಆಗುವುದಿಲ್ಲ, ಏನನ್ನೂ ಅಂದುಕೊಳ್ಳಲಿಲ್ಲ. ಅಭ್ಯಾಸ ನೋಡಿ, ತಲೆ ಎತ್ತದೆ ಅದನ್ನು ಕೊಡವಿ, ಅದರ ಒಂದೇ ಬೆರಳು ಹಿಡಿದೆ. ಅದು ನನ್ನ ನಾಲ್ಕು ಹಿಡಿಯಿತು. ನಾನು ಒಂದನ್ನೇ ಬಿಗಿಯಾಗಿ ಒತ್ತಿದೆ. ಮೂರಕ್ಕೆ ಬಂತು. ಆಮೇಲೆ ಎರಡಕ್ಕೆ. ಅಷ್ಟರಲ್ಲಿ ಜಯಮ್ಮನ ಬಳೆ ಸದ್ದು ಕೇಳಿತು. ಅವಳ ಕಣ್ಣಿಗೆ ಇದು ಬೀಳುವುದು ಬೇಡ ಎಂದು ನಾನೂ ಅದರ ಎರಡು ಬೆರಳು ಹಿಡಿದು ಅದುಮಿ ವ್ಯಾಪಾರ ಮುಗಿಸಿದೆ. ಕೈ ಹೋಯಿತು. ತಲೆ ಎತ್ತಿದರೆ ಸಾಲು ಕುರ್ಚಿಗಳಲ್ಲಿ ಯಾರೂ ಇಲ್ಲ.

"ಆಸ್ಪತ್ರೇಲೂ ಯಾಪಾರ ಬುಡಲ್ವಾ ನೀವು?" ಎಂದಳು ಜಯಮ್ಮ. "ಒಬ್ರೇ ಕೂತ್ಕಂಡು ಅದ್ಯಾವ ದಯ್ಯದ ಕೈ ಹಿಸುಕ್ತಿದ್ರಿ?"

ಸಂಜೆ ಸುಮಾ ಕಣ್ಣು ಬಿಟ್ಟಳು. ಮೂಳೆ ಚೆನ್ನಾಗಿ ಕೂತಿದೆ ಎಂದ ಡಾಕ್ಟರು ಕಾಲಿನ ಬೆರಳು ಎತ್ತಲು ಹೇಳಿದರು. ಎಡಗಾಲಿನವೆಲ್ಲ ಎದ್ದವು. ಬಲಗಾಲಿನಲ್ಲಿ ಕಿರುಬೆರಳಿನ ಕಡೆಯ ಮೂರು ಎದ್ದವು. ಹೆಬ್ಬೆರಳು ಮತ್ತು ಅದರ ಪಕ್ಕದ್ದು ಏಳಲಿಲ್ಲ. "ನರ ಸ್ವಲ್ಪ ನೊಂದಿದೆ, ಕಾಯೋಣ," ಎಂದರು. ಜಯಮ್ಮ ಮಗಳ ತಲೆ ಸವರುತ್ತಿದ್ದಳು. ನಾನು ಏಳದ ಬೆರಳುಗಳನ್ನು ಮತ್ತೆ ಎಣಿಸಿದೆ.

ಇದಾಗಿ ಕೆಲವು ವರ್ಷಗಳಾದವು. ಸುಮಾ ನೆಟ್ಟಗೆ ನಡೆಯುತ್ತಾಳೆ, ನೋವಿಲ್ಲ, ದಿನವೂ ಬಸ್ಸಿನಲ್ಲಿ ಹಾಸನಕ್ಕೆ ಕಾಲೇಜಿಗೆ ಹೋಗುತ್ತಾಳೆ. ಆ ಎರಡು ಬೆರಳು ಮಾತ್ರ ಹಾಗೇ ಇವೆ. ಬಲಗಾಲಿನ ಚಪ್ಪಲಿ ನಿಲ್ಲುವುದಿಲ್ಲ. "ಅಪ್ಪಾ, ನಿಂತ್ಕಳಿ, ನನ್ ಚಪ್ಲಿ ಇನ್ನೂ ಬಂದಿಲ್ಲ," ಎಂದು ನಗುತ್ತಾಳೆ. ನಾನು ಹಿಂದಕ್ಕೆ ಹೋಗಿ ತಂದುಕೊಡುತ್ತೇನೆ.

ಊಟ ಬಿಟ್ಟಿದ್ದೆ, ನಿದ್ದೆಗೆಟ್ಟಿದ್ದೆ, ಕೈ ಜೋಮು ಹಿಡಿದಿರಬಹುದು ಎಂದು ನನಗೆ ನಾನೇ ಹೇಳಿ ನೋಡಿದ್ದೇನೆ. ಆದರೆ ನಾನು ಎರಡಕ್ಕೆ ಒಪ್ಪಿದಾಗ ಮಗಳ ಬೆರಳಿನ ವಿಷಯ ಯಾರಿಗೂ ಗೊತ್ತಿರಲಿಲ್ಲ. ಐದರಿಂದ ಇಳಿಸಿದೆನಲ್ಲ ಎಂಬ ಸಮಾಧಾನವೂ ನಿಲ್ಲುವುದಿಲ್ಲ. ಏಕೆಂದರೆ ಕೊನೆಯಲ್ಲಿ ಆ ಹಿಡಿತ ಸಡಿಲವಾಗುತ್ತಿತ್ತು. ಸಡಿಲವಾದರೆ ಅವಸರ ಮಾಡಬೇಡಿ, ಇನ್ನೂ ಇಳಿಯುತ್ತಾನೆ ಎಂದು ಹೊಸಬರಿಗೆಲ್ಲ ಬುದ್ಧಿ ಹೇಳುವವನು ನಾನೇ. ಇನ್ನೊಂದು ಗಳಿಗೆ ಒಪ್ಪದೆ ಕಾದಿದ್ದರೆ ಒಂದಕ್ಕೆ ಬರುತ್ತಿತ್ತೋ, ಏನೂ ಕೇಳದೆ ಹೋಗುತ್ತಿತ್ತೋ. ಅಥವಾ ಮೊದಲೇ ನಾನು ಕೈ ಎಳೆದುಕೊಂಡಿದ್ದರೆ?

ಸುಮಾಳಿಗೆ ಇದನ್ನು ಹೇಳಿಲ್ಲ. ಹೇಳಿದರೆ ನಗುತ್ತಾಳೆ, ಅದು ಗೊತ್ತು. ನಕ್ಕಾದ ಮೇಲೆ, "ಎರಡಕ್ಕೇ ಯಾಕಪ್ಪಾ ಒಪ್ಕಂಡ್ರಿ?" ಎಂದು ಕೇಳಿದರೆ?