ಇಳಿಜಾರಿನಲ್ಲಿ ಉಳಿಸಿದ ಪೆಟ್ರೋಲು

ಪೆಟ್ರೋಲು ತುಟ್ಟಿಯಾದ ಮೇಲೆ ನಮ್ಮ ಸೋದರಮಾವ ಇಳಿಜಾರು ಸಿಕ್ಕಲ್ಲೆಲ್ಲ ಜೀಪಿನ ಎಂಜಿನ್ ಬಂದ್ ಮಾಡಿ, ಗಾಡಿಯನ್ನು ಸುಮ್ಮನೆ ಉರುಳಲು ಬಿಡುತ್ತಿದ್ದ. ಸದ್ದಿಲ್ಲದ ಗಾಡಿಗೆ ದನಗಳು ದಾರಿ ಬಿಡುತ್ತಿರಲಿಲ್ಲ. ಹಿಂದೆ ಕೂತು ಬಾಯಲ್ಲೇ ‘ಡುರ್ರ್’ ಎಂದು ಎಂಜಿನ್ ಸದ್ದು ಮಾಡುವುದು ನನ್ನ ನೌಕರಿ. ಎಸ್ಸೆಸ್ಸೆಲ್ಸಿ ಫೇಲಾದವನಿಗೆ ಅಷ್ಟಾದರೂ ಸಿಕ್ಕಿತ್ತಲ್ಲ.

ಹೆರಿಗೆ ನೋವು ಶುರುವಾದ ಅಕ್ಕನನ್ನು ಚಿಗಟೇರಿಯಿಂದ ಹರಪನಹಳ್ಳಿಯ ಆಸ್ಪತ್ರೆಗೆ ಒಯ್ಯುವಾಗಲೂ ಇಳಿಜಾರು ಬಂದೊಡನೆ ಮಾವನ ಕೈ ರೂಢಿಯಂತೆ ಕೀಲಿ ತಿರುಗಿಸಿತು.

“ಇವತ್ತೂ ಉಳಿಸ್ತೀಯೇನೋ?” ಎಂದು ಅವ್ವ ಚೀರಿದಳು.

“ಕೆಳಗ ಚಾಲೂ ಆಗ್ತೈತಿ ಬಿಡಕ್ಕ,” ಎಂದ ಮಾವ.

ನಾನು ಅವನದೇ ದನಿ ತೆಗೆದು, “ನನ್ನ ಜೀಪು ಹೇಳಿದಂಗ ಕೇಳ್ತೈತಿ,” ಎಂದೆ. ನೋವಿನಲ್ಲೂ ಅಕ್ಕ ನಕ್ಕಳು.

ತಗ್ಗಿನಲ್ಲಿ ಮಾವ ಗೇರು ಹಾಕಿ ಕ್ಲಚ್ ಬಿಟ್ಟ. ಜೀಪು ಒಮ್ಮೆ ಜಗ್ಗಿ ನಿಂತೇಬಿಟ್ಟಿತು. ಮಾವನೂ ನಾನೂ ಇಳಿದು ನೂಕಿದೆವು. ಮುಂದೆ ಏರು, ನೂಕಿದಷ್ಟೂ ಗಾಡಿ ಹಿಂದಕ್ಕೇ ಉರುಳುತ್ತಿತ್ತು.

ಅಕ್ಕ ಕಣ್ಣು ಮುಚ್ಚಿಕೊಂಡೇ, “ತಮ್ಮಾ, ಊರು ಕಾಣಾಕತ್ತೈತೇನೋ?” ಎಂದಳು.

“ಬಂತಕ್ಕ,” ಎಂದೆ. ಸುತ್ತ ಜೋಳದ ಹೊಲ ಬಿಟ್ಟರೆ ಒಂದು ಮನೆಯೂ ಇರಲಿಲ್ಲ.